ತಂತಿಯಲ್ಲಿ ಬಾರದ ಮಾತು

ಇಂಟರ್ನೆಟ್ಟು ಇನ್ನೂ ಫೋನಿನ ತಂತಿಯಲ್ಲಿ ಕಿರುಚಿಕೊಂಡು ಬರುತ್ತಿದ್ದ ಕಾಲ. ಹೊಳೆ ದಂಡೆಯ ಮೇಲೊಂದು ಮಠ, ಮಠದಲ್ಲೊಬ್ಬರು ಅಜ್ಜಾರು, ಅಜ್ಜಾರಿಗೆ ಮುರಿಗೆಪ್ಪ ಎಂಬ ಶಿಷ್ಯ.

ಅಜ್ಜಾರು ಮುರಿಗೆಪ್ಪನ ಕಿವಿಯಲ್ಲಿ ಮಂತ್ರ ಹೇಳಿ ವರ್ಷಗಳೇ ಕಳೆದಿದ್ದವು. ಆ ಮಂತ್ರ ಏನೆಂದು ಅವರು ಮತ್ತೆ ಒಮ್ಮೆಯೂ ಕೇಳಲಿಲ್ಲ. ಕೇಳುತ್ತಿದ್ದುದೆಲ್ಲ ಬೇರೆಯೇ.

"ಇವತ್ತ ನಿನ್ನ ಬೈದಾಂವನ ಬಾಯಿ ನೋಡಿದ್ಯೋ, ಕಣ್ಣು ನೋಡಿದ್ಯೋ?"

"ಆಕಳಿಗೆ ಮೇವು ಹಾಕುವಾಗ ಮನಸು ಎಲ್ಲಿತ್ತು?"

ದಿನಾ ಹೊಸ ಪ್ರಶ್ನೆ. ದಿನಾ ಮುರಿಗೆಪ್ಪ ತಡವರಿಸಬೇಕು. ದರ್ಶನಕ್ಕೆ ಬಂದವರಿಗೆ ಮಾತ್ರ ಪ್ರಶ್ನೆಯೂ ಇಲ್ಲ, ಗಿಶ್ನೆಯೂ ಇಲ್ಲ. ಕೈತುಂಬ ಕಲ್ಲುಸಕ್ಕರೆ, ಬಾಯಿತುಂಬ ಮಾತು. ಮುರಿಗೆಪ್ಪನ ಹೊಟ್ಟೆ ಉರಿಯಿತು. ಗುರುವಿಗೆ ತನ್ನ ಮೇಲೆ ನಂಬಿಕೆಯಿಲ್ಲ ಎಂದು ತಾನೇ ತೀರ್ಪು ಕೊಟ್ಟುಕೊಂಡ. ಕೈಯಲ್ಲಿದ್ದ ಕೆಲಸವೊಂದು ಮುಗಿದರೆ ಮಠ ಬಿಟ್ಟು ಹೋಗುವುದೆಂದು ನಿಶ್ಚಯಿಸಿದ.

ಕೆಲಸವೇನೆಂದರೆ, ಹೊಳೆಯಾಚೆ ಮಠದ್ದೇ ಒಂದು ದವಾಖಾನೆ ಇತ್ತು. ಅಲ್ಲಿಯ ಕಂಪ್ಯೂಟರು ಇಲ್ಲಿಯ ಕಂಪ್ಯೂಟರಿಗೆ ಫೋನು ಹಚ್ಚಿ ರೋಗಿಗಳ ಸಂಗತಿ ಕಳಿಸಬೇಕು. ಹಚ್ಚಿದ್ದು ದವಾಖಾನೆಯೇ, ಬೇರೆ ಯಾರೋ ಅಲ್ಲ ಎಂದು ಪಾಸ್‌ವರ್ಡಿನಿಂದ ಗೊತ್ತಾಗಬೇಕು.

ಮುರಿಗೆಪ್ಪನಿಗೆ ಹೋಗುವ ಅವಸರ. ಬೇಗ ಆಗುವ ದಾರಿಯನ್ನೇ ಹಿಡಿದ. ಆಚೆಯಿಂದ ನರ್ಸಮ್ಮ ಫೋನು ಹಚ್ಚಿದರು, ಮೋಡೆಮ್ಮು ಕಿರ್ರೆಂದಿತು, ಲೈನು ಕೂಡಿತು.

ಪಕ್ಕದಲ್ಲಿ ಕೂತಿದ್ದ ಅಜ್ಜಾರು ಕೇಳಿದರು:

"ಆ ಗುಟ್ಟಿನ ಮಾತು ತಂತ್ಯಾಗ ಹೆಂಗ ಬಂತು?"

"ಇದ್ದದ್ದು ಇದ್ದಂಗ ಬಂತ್ರಿ ಅಜ್ಜಾರ."

"ನಡುವ ಯಾರರ ಕದ್ದು ಕೇಳಿದ್ರ?"

"ಅವರಿಗೂ ಗೊತ್ತಾಗತೈತ್ರಿ."

"ಬ್ಯಾರೆ ದಾರಿ ಇಲ್ಲೇನು?"

ಇತ್ತು. ಅದಕ್ಕೆ ತುಸು ಹೆಚ್ಚು ಮೈಬಗ್ಗಿಸಬೇಕಿತ್ತು, ಅಷ್ಟೇ. ಮುರಿಗೆಪ್ಪ ಗೊಣಗುತ್ತ ಮಠದ ಕಂಪ್ಯೂಟರಿನ ಮುಂದೆ ಮತ್ತೆ ಕೂತ. ಆಮೇಲೆ ದೋಣಿ ಹತ್ತಿ ಆಚೆ ದಂಡೆಗೆ ಹೋಗಿ ಅಲ್ಲಿಯದನ್ನೂ ಸರಿಮಾಡಿ ಬಂದ. ನರ್ಸಮ್ಮ ಪುನಃ ಫೋನು ಹಚ್ಚಿದರು. ಲೈನು ಕೂಡಿತು.

"ಈಗೇನು ಮಾಡಿದಿ?"

"ಪಾಸ್‌ವರ್ಡು ಎರಡೂ ಕಡೆ ಮೊದಲ ಇಟ್ಟೇನ್ರಿ. ಫೋನ್ ಬಂದ ಕೂಡ್ಲೆ ನಮ್ಮದು ಒಂದು ಹೊಸ ಪ್ರಶ್ನಿ ಕೇಳತೈತಿ. ದವಾಖಾನಿದು ಆ ಪ್ರಶ್ನಿಗೆ ಪಾಸ್‌ವರ್ಡು ಕೂಡಿಸಿ, ಲೆಕ್ಕಾ ಮಾಡಿ, ಉತ್ತರ ಕಳಸತೈತಿ. ನಮ್ಮದೂ ಅದ ಲೆಕ್ಕಾ ಮಾಡಿ ನೋಡತೈತಿ. ಎರಡೂ ಒಂದ ಆದ್ರ ಬಾಗಲಾ ತಗೀತೈತ್ರಿ. ಪಾಸ್‌ವರ್ಡು ಮಾತ್ರ ತಂತ್ಯಾಗ ಬರೂದ ಇಲ್ಲ."

"ನಾಳೆ?"

"ನಾಳೆ ಬ್ಯಾರೆ ಪ್ರಶ್ನಿ. ಲೈನು ಕೂಡಿದ ಮ್ಯಾಲೂ ನಡನಡುವ ಕೇಳಕೋತ ಇರತೈತ್ರಿ."

"ಪಾಪ, ದವಾಖಾನಿ ಸಿಟ್ಟಾಗೂದಿಲ್ಲೇನೋ? ನನ್ನ ಮ್ಯಾಲ ನಂಬಿಗಿ ಇಲ್ಲ ಅಂತ?"

ಮುರಿಗೆಪ್ಪನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಮನಸ್ಸಿನಲ್ಲಿ ಇಟ್ಟುಕೊಂಡದ್ದು ಇವರಿಗೆ ಯಾವಾಗ ತಿಳಿಯಿತೋ! ತಿಳಿದ ಮೇಲೆ ಮುಚ್ಚಿಡುವುದೇನು ಎಂದು ಕೇಳಿಯೇಬಿಟ್ಟ:

"ದರ್ಶನಕ್ಕ ಬಂದವ್ರನ್ನ ಯಾಕ ಕೇಳೂದಿಲ್ರಿ ಮತ್ತ? ನನಗಷ್ಟ ಯಾಕ?"

"ಅವರನ್ನ ಏನಂತ ಕೇಳ್ಲಿ? ಅವರ ಕಿವ್ಯಾಗ ನಾ ಏನೂ ಹೇಳಿಲ್ಲಲ್ಲ."

ಮುರಿಗೆಪ್ಪನಿಗೆ ಇಷ್ಟು ವರ್ಷಗಳ ಪ್ರಶ್ನೆಗಳು ನೆನಪಾದವು. ತಾನು ಮುಖ ಗಂಟಿಕ್ಕಿಕೊಂಡು ಉತ್ತರ ಹೇಳಿದ್ದೂ, ಅಜ್ಜಾರು ಬೇಸರವಿಲ್ಲದೆ ಮರುದಿನ ಮತ್ತೊಂದು ಕೇಳಿದ್ದೂ ನೆನಪಾಯಿತು. ಇಂಥವರು ಗುರುವಾಗಿ ಸಿಕ್ಕದ್ದು ಯಾವ ಜನ್ಮದ ಪುಣ್ಯವೋ ಎನಿಸಿ ಕಣ್ಣು ತುಂಬಿ ಬಂತು. ಕುರ್ಚಿಯಿಂದ ಇಳಿದವನೇ ಅವರ ಪಾದ ಹಿಡಿದುಕೊಂಡ.

"ತಪ್ಪಾತ್ರಿ ಅಜ್ಜಾರ. ಇವತ್ತ ಮಠಾ ಬಿಟ್ಟು ಹೋಗಾಂವ ಇದ್ದೆ. ನಿಮ್ಮ ಉಪಕಾರ ನಾ ಹೆಂಗ ತೀರಸ್ಲಿ?"

ಅಜ್ಜಾರು ಅವನ ತಲೆಯ ಮೇಲೆ ಕೈಯಿಟ್ಟರು.

"ಹೋಗಬಹುದಿತ್ತು ತಮ್ಮಾ. ಆದ್ರ ಅಲ್ಲಿ ನಿನ್ನ ಕೇಳಾವ್ರು ಯಾರಿದ್ರು?"