ಅಂಗಳಕ್ಕೆ ನೀರು ಹೊಡೆಸಿದ್ದು

'ನೀರು ಉಳಿಸಿ' ಕಾರ್ಯಕ್ರಮಕ್ಕೆ ಬಂದ ಸಾಹೇಬರು ಶಾಲೆಯ ಅಂಗಳ ನೋಡಿ ಮೂಗು ಮುಚ್ಚಿಕೊಂಡರು. "ಏನ್ರೀ ಈ ಧೂಳು! ಊಟ ಮುಗಿಯೋದ್ರೊಳಗೆ ಪೂರ್ತಿ ನೀರು ಹೊಡೆಸಿ. ಆಮೇಲೇ ನನ್ನ ಭಾಷಣ!"

ಬಿಸಿಯೂಟ ಬೇಯಿಸುವ ತಾಯಮ್ಮ ಶಾಲೆಯ ನೀರಿನ ತೊಟ್ಟಿಗೆ ಇಣುಕಿದಳು. ತೊಟ್ಟಿಯ ನೀರನ್ನೆಲ್ಲ ಅಂಗಳವೇ ಕುಡಿದುಬಿಟ್ಟರೆ ನಾಳೆ ಮಕ್ಕಳಿಗೆ ಅನ್ನ ಮಾಡುವುದು ಹೇಗೆ? ಸಾಹೇಬರಿಗೆ ಆಗುವುದಿಲ್ಲ ಎನ್ನುವ ಹಾಗೂ ಇಲ್ಲ. ಉಣ್ಣುತ್ತಿದ್ದ ಮಕ್ಕಳ ಕಡೆ ನೋಡಿದವಳೇ ಕೂಗಿದಳು: "ಇವತ್ತು ಯಾರೂ ನಲ್ಲಿ ಹತ್ರ ತಟ್ಟೆ ತೊಳೀಬ್ಯಾಡ್ರಪ್ಪ! ಲೋಟದಲ್ಲಿ ನೀರು ಹಿಡ್ಕೊಂಡು ಅಂಗಳದ ತುಂಬ ಹರಡ್ಕೊಂಡು ನಿಂತು ತೊಳೀರಿ!"

ಮಕ್ಕಳಿಗೆ ಅದೇ ಆಟವಾಯಿತು ನೋಡಿ. "ಅಜ್ಜೀ, ಇಲ್ಲಿನ್ನೂ ಒಣಗೈತೆ, ಕೈನೂ ಇಲ್ಲೇ ತೊಳೀಲಾ?" ಧೂಳೆಲ್ಲ ಅಡಗಿತು.

ಊಟ ಮುಗಿಸಿ ಬಂದ ಸಾಹೇಬರು ಒಮ್ಮೆ ಒದ್ದೆ ಅಂಗಳ ನೋಡಿದರು, ಒಮ್ಮೆ ತೊಟ್ಟಿಗೆ ಇಣುಕಿದರು. ನೀರು ಖಾಲಿಯಾಗಿಲ್ಲ! ಇದು ಹೇಗೆಂದು ಮಕ್ಕಳನ್ನೇ ಕೇಳಿ ತಿಳಿದು, ಮೈಕು ಹಿಡಿದರು: "ಬಳಸಿದ ನೀರನ್ನೇ ಮತ್ತೆ ಬಳಸಬೇಕು ಮಕ್ಕಳೇ. ಈ ಅಂಗಳದ ಯೋಜನೆ ನನ್ನದೇ!"

ಸಾಹೇಬರು ಉಂಡಿದ್ದ ತಟ್ಟೆಯನ್ನೇ ತಾಯಮ್ಮ ತಂದು ಅವರ ಕೈಗಿತ್ತಳು. "ಹಂಗಾದ್ರೆ ಬನ್ನಿ ಸಾ, ಮೆಟ್ಟಿಲ ಹತ್ರ ಒಂಚೂರು ಧೂಳು ಉಳ್ಕೊಂಡೈತೆ."