ಕಡಲ ಕಡೆಯ ಗೋಡೆ

“ಯಾರಿಗೂ ಬೇಡವಾದದ್ದನ್ನು ಬಿಟ್ಟು ಹೋದರೆ ತಪ್ಪೇನು ಬುದ್ಧಿ?” ಎಂದು ಪಂಚಾಕ್ಷರಿ ಗುರುಗಳನ್ನು ಕೇಳಿದ.

ಮಠದ ಶಾಲೆಗಳು, ವಿದ್ಯಾರ್ಥಿನಿಲಯ, ಕಣ್ಣಿನ ಆಸ್ಪತ್ರೆ, ಎಲ್ಲದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಶಿಷ್ಯ ಅವನು. ಹಳೆಯ ಸರ್ವರುಗಳಲ್ಲಿ ಇರುವುದನ್ನೆಲ್ಲ ಕ್ಲೌಡ್‌ಗೆ ಸಾಗಿಸಲು ಗುರುಗಳು ಒಪ್ಪಿದ ದಿನದಿಂದ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಪ್ರಸಾದಕ್ಕೆ ಕೂತರೂ ಅದೇ ಮಾತು, ಪೂಜೆಗೆ ಹೂ ಬಿಡಿಸುವಾಗಲೂ ಅದೇ ಮಾತು. ಯಾವುದು ಹೋಗಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ಒಂದೊಂದನ್ನೂ ನೋಡಿ ಗುರುತು ಹಾಕಿದ್ದ. ಒಂದು ಹಳೆಯ ಸರ್ವರ್ ಮಾತ್ರ ಉಳಿದಿತ್ತು. ಅದು ಕಚೇರಿಯ ಮೂಲೆಯಲ್ಲಿ ಹಗಲಿರುಳು ಗುಂಯ್‌ಗುಡುತ್ತ ಕೂತಿರುತ್ತಿತ್ತು. ಏನು ಮಾಡುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

“ಎಲ್ಲರನ್ನೂ ಕೇಳಿದೆ ಬುದ್ಧಿ. ಶಾಲೆಯವರು ನಮ್ಮದಲ್ಲ ಎಂದರು. ಆಸ್ಪತ್ರೆಯವರೂ ನಮ್ಮದಲ್ಲ ಎಂದರು. ಬೇಕಾದವರು ಬಂದು ಹೇಳಿ ಎಂದು ಸೂಚನಾ ಫಲಕದಲ್ಲೂ ಹಾಕಿದೆ. ಒಬ್ಬರೂ ಬರಲಿಲ್ಲ.”

ಗುರುಗಳು ನಕ್ಕರು. “ನಿನ್ನ ಹಾಗೆಯೇ ಚುರುಕಾದ ಒಬ್ಬ ವರ್ತಕನಿದ್ದ. ಕೂತುಕೋ,” ಎಂದು ಕತೆ ಹೇಳತೊಡಗಿದರು.

ನದಿ ಕಡಲನ್ನು ಸೇರುವ ಅಳಿವೆಯ ದಡದಲ್ಲಿ ಆ ವರ್ತಕನ ಉಗ್ರಾಣವಿತ್ತು. ಅಕ್ಕಿ, ಉಪ್ಪು, ಹಗ್ಗದ ವ್ಯಾಪಾರ. ಕಟ್ಟಡ ಅಜ್ಜನ ಕಾಲದ್ದು. ಮಳೆಗಾಲದಲ್ಲಿ ಸೋರುತ್ತಿತ್ತು, ಬೇಸಿಗೆಯಲ್ಲಿ ಇಲಿಗಳು ಸಂಸಾರ ಹೂಡುತ್ತಿದ್ದವು. ಹೀಗಿರುವಾಗ ಗುಡ್ಡದ ಮೇಲಿನ ಪೇಟೆಯಲ್ಲಿ ಯಾರೋ ಒಂದು ಭಾರೀ ಉಗ್ರಾಣ ಕಟ್ಟಿಸಿದರು. ಯಾವ ವರ್ತಕ ಬೇಕಾದರೂ ಅಲ್ಲಿ ಸರಕು ಇಡಬಹುದು. ಬೇಕಾದಷ್ಟು ಜಾಗ, ಬಳಸಿದಷ್ಟಕ್ಕೆ ಬಾಡಿಗೆ. ಸೋರಿದರೆ ಅವರ ತಲೆನೋವು, ಇಲಿ ಬಂದರೂ ಅವರದೇ ತಲೆನೋವು. ನಿನ್ನ ಕ್ಲೌಡ್ ಅಂದರೂ ಹೀಗೇ ಏನೋ ಇರಬೇಕು, ನನಗೇನು ಗೊತ್ತು.

ವರ್ತಕ ಹಿಗ್ಗಿಹೋದ. ಆದರೆ ಕಂಡದ್ದನ್ನೆಲ್ಲ ಗಾಡಿಗೆ ತುಂಬಿ ಹೊರಡುವ ಪೆದ್ದನಲ್ಲ ಅವನು. ಮೊದಲು ಇರುವುದೇನು ಎಂದು ನೋಡೋಣ ಎಂದ. ಉಗ್ರಾಣದ ಮೂಲೆ ಮೂಲೆ ತಡಕಿದ. ಎಂದೋ ಕಿತ್ತುಹಾಕಿದ್ದ ಬಾಗಿಲುಗಳ ಬೀಗದ ಕೈಗಳು ಸಿಕ್ಕಿದವು. ಯಾರೂ ಹತ್ತದ ಏಣಿಗಳು ಸಿಕ್ಕಿದವು. ಸತ್ತುಹೋಗಿದ್ದ ಎತ್ತಿನ ಹೆಸರಿನಲ್ಲಿ ಇನ್ನೂ ಹಿಂಡಿ ಬರುತ್ತಿತ್ತು. ಆ ಹಿಂಡಿ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳಲಿಲ್ಲ. ಗುಮಾಸ್ತನ ಮನೆಯ ಹಸು ಮಾತ್ರ ಚೆನ್ನಾಗಿ ಮೈ ತುಂಬಿಕೊಂಡಿತ್ತು.

ಒಂದೊಂದನ್ನೂ ಹಿಡಿದು, ಇದು ಯಾರದ್ದು, ಇದರಿಂದ ಯಾರಿಗೇನು ಉಪಯೋಗ ಎಂದು ವರ್ತಕ ಕೇಳುತ್ತ ಹೋದ. ಉತ್ತರ ಸಿಕ್ಕಿದ್ದು ಗುಡ್ಡಕ್ಕೆ, ಸಿಗದ್ದು ಗುಜರಿಗೆ. ಅವನ ಅಜ್ಜ ಮಾಡದ ಕೆಲಸ, ಅಪ್ಪ ಮಾಡದ ಕೆಲಸ. ಊರಿನವರು ನೋಡಿ ಮೂಗಿನ ಮೇಲೆ ಬೆರಳಿಟ್ಟರು. ನಾನಾಗಿದ್ದರೂ ಭೇಷ್ ಎನ್ನುತ್ತಿದ್ದೆ.

ಕೊನೆಗೆ ಒಂದು ಗೋಡೆ ಉಳಿಯಿತು.

ಉಗ್ರಾಣದ ಹಿಂದೆ, ಕಡಲ ಕಡೆಗೆ, ಚಿರೆಕಲ್ಲಿನ ಒಂದು ಎತ್ತರದ ಗೋಡೆಯಿತ್ತು. ಅದಕ್ಕೆ ಛಾವಣಿಯಿಲ್ಲ, ಬಾಗಿಲಿಲ್ಲ. ಸುತ್ತ ಕೇದಗೆಯ ಪೊದೆ ಬೆಳೆದು ಆ ಕಡೆಗೆ ಯಾರೂ ಹೋಗುತ್ತಿರಲಿಲ್ಲ. ಗಿರಾಕಿಗಳು ಬರುವ ಮುಂಬಾಗಿಲು ಬಣ್ಣ ಕಳೆದುಕೊಂಡು ನಿಂತಿದ್ದರೂ ಪ್ರತಿ ವರ್ಷ ಮಳೆ ನಿಂತ ಕೂಡಲೆ ಈ ಗೋಡೆಗೆ ಮಾತ್ರ ಸುಣ್ಣ ಬಳಿಯಬೇಕು. ಯಾಕೆ ಎಂದು ವರ್ತಕ ಕೇಳಿದ. ಹಿರಿಯರ ಕಾಲದಿಂದ ಬಳಿಯುತ್ತಿದ್ದೇವೆ ಎಂದ ಗುಮಾಸ್ತ. ಸುಣ್ಣ ಬಳಿಯುವವನನ್ನು ಕೇಳಿದರೆ ಬಳಿ ಎಂದಿರಿ, ಬಳಿದೆ ಎಂದ. ಸತ್ತ ಎತ್ತಿಗೆ ಹಿಂಡಿ ಹಾಕಿದ ಹಾಗೆಯೇ ಇದೂ ಎಂದು ವರ್ತಕನಿಗೆ ಖಾತ್ರಿಯಾಯಿತು.

ಆದರೂ ಅವನು ದುಡುಕಲಿಲ್ಲ, ನೋಡು. ಊರಿನಲ್ಲಿ ಡಂಗುರ ಹೊಡೆಸಿದ. ಉಗ್ರಾಣದ ಹಿಂದಿನ ಗೋಡೆಯನ್ನು ಕೆಡವುತ್ತೇವೆ, ಯಾರಿಗಾದರೂ ಅದು ಬೇಕಿದ್ದರೆ ಬಂದು ಹೇಳಿ ಎಂದು ಸಾರಿಸಿದ. ಅಂಗಡಿಯವರು ಕೇಳಿದರು, ಗಾಡಿಯವರು ಕೇಳಿದರು, ಆಚೆ ದಡದ ಕೇರಿಯಲ್ಲಿ ದೋಣಿಯವರೂ ಕೇಳಿದರು. ಯಾರೂ ಬರಲಿಲ್ಲ. ವರ್ತಕ ಕೆಲಸದವರಿಗೆ ಗೋಡೆ ತೋರಿಸಿ, ತಾನು ಮಗಳನ್ನು ಕರೆತರಲು ಹೊರಟ.

ಅವನ ಒಬ್ಬಳೇ ಮಗಳು ಗಂಡನ ಮನೆಯಲ್ಲಿ ತುಂಬು ಬಸುರಿ. ಹೆರಿಗೆಗೆ ತವರಿಗೆ ಬರಬೇಕು. ಗಾಡಿಯ ದಾರಿಯಲ್ಲಿ ಬಂದರೆ ಕುಲುಕಾಟ ಹೆಚ್ಚು. ಕಡಲು ಶಾಂತವಾಗಿದ್ದ ಕಾಲ, ದೋಣಿಯಲ್ಲಿ ಬರುವುದೇ ಮೇಲು ಎಂದು ಎಲ್ಲರೂ ಹೇಳಿದರು. ಇಷ್ಟು ವರ್ಷ ದೋಣಿಯಲ್ಲಿ ಸರಕು ಕಳಿಸಿದ್ದ ವರ್ತಕ ತಾನು ಮಾತ್ರ ಕಡಲಿಗೆ ಇಳಿದವನಲ್ಲ. ಮಗಳಿಗಾಗಿ ಅಂದು ಇಳಿದ. ಹೋಗುವಾಗ ಹೆದರಿ ಕಣ್ಣು ಮುಚ್ಚಿಕೊಂಡು ಮಲಗಿದ್ದ.

ಮಗಳನ್ನು ಕೂರಿಸಿಕೊಂಡು ಮರಳುವಾಗ ಅವನಿಗೆ ಧೈರ್ಯ ಬಂದಿತ್ತು. ಗುಡ್ಡದ ಉಗ್ರಾಣದ ಸಂಗತಿಯನ್ನು ದಾರಿಯುದ್ದಕ್ಕೂ ಅವಳಿಗೆ ಹೇಳಿದ. ಅವಳು ನಗುತ್ತ ಕೇಳಿದಳು. ಹೊತ್ತು ಇಳಿಯುವಾಗ ಪಡುವಣ ಗಾಳಿ ಎದ್ದಿತು. ಅಲೆಗಳು ಮೇಲೇರತೊಡಗಿದವು. ಹೆದರುವಂಥದ್ದೇನಿಲ್ಲ, ಅಳಿವೆ ಎದುರಿಗೇ ಇದೆ, ಒಳಗೆ ಹೊಕ್ಕರೆ ನದಿ ಶಾಂತ ಎಂದು ದೋಣಿಯವನು ಹೇಳಿದ. ಹೇಳಿದವನು ಚುಕ್ಕಾಣಿ ಹಿಡಿದುಕೊಂಡೇ ಎದ್ದು ನಿಂತ. ಕಣ್ಣಿಗೆ ಕೈ ಅಡ್ಡ ಹಿಡಿದು ದಡವನ್ನು ನೋಡಿದ. ಮತ್ತೆ ನೋಡಿದ.

“ಒಡೆಯಾ, ಬೆಳ್ಳಕ್ಕಿ ಕಾಣ್ತಾ ಇಲ್ಲ,” ಎಂದ.

“ಹೊತ್ತು ಇಳೀತಲ್ಲ, ಗೂಡಿಗೆ ಹೋಗಿರಬೇಕು ಬಿಡು,” ಎಂದ ವರ್ತಕ.

“ಹಕ್ಕಿ ಅಲ್ಲ ಒಡೆಯಾ. ದಡದ ಮೇಲೆ ಒಂದು ಬಿಳೀ ಗೋಡೆ ಇದೆ, ಅದಕ್ಕೆ ನಾವು ಬೆಳ್ಳಕ್ಕಿ ಅಂತೇವೆ. ಅದರ ನೆತ್ತಿಯ ಮೇಲೆ ಸರಿಯಾಗಿ ಹಿಂದಿನ ಆ ತಾಳೆಮರ ಬರ್ಬೇಕು. ಬಂದ್ರೆ ನಾವು ದಾರಿಯಲ್ಲಿದ್ದೇವೆ ಅಂತ. ಆಚೀಚೆ ಆದ್ರೆ ಮರಳಿನ ಮೇಲೆ. ಮರ ಇದೆ, ಗೋಡೆ ಇಲ್ಲ. ನಿನ್ನೆ ಮೊನ್ನೆವರೆಗೂ ಇತ್ತು.”

ಅಳಿವೆಯ ಬಾಯಿ ಅಗಲವಾಗಿ ಕಂಡರೂ ನೀರಿನ ಅಡಿಯಲ್ಲಿ ಉದ್ದಕ್ಕೂ ಮರಳಿನ ದಿಬ್ಬಗಳು. ನಡುವೆ ದೋಣಿ ಹೋಗುವಷ್ಟು ಒಂದೇ ಒಂದು ಆಳದ ದಾರಿ. ಅಜ್ಜ ಯಾಕೆ ಸುಣ್ಣ ಬಳಿಸುತ್ತಿದ್ದ ಎಂದು ಅವನಿಗೆ ಆಗ ತಿಳಿಯಿತು.

“ಅದು ನನ್ನ ಗೋಡೆ ಕಣೋ,” ಎಂದ ವರ್ತಕ. “ಡಂಗುರ ಹೊಡೆಸಿದ್ದೆನಲ್ಲ, ನೀವು ಯಾಕೆ ಬಂದು ಹೇಳಲಿಲ್ಲ?”

“ಉಗ್ರಾಣದ ಗೋಡೆ ಅಂದ್ರು ಒಡೆಯಾ. ಬೆಳ್ಳಕ್ಕಿ ಅಂತ ಯಾರೂ ಹೇಳ್ಲಿಲ್ಲ. ಅದು ನಿಮ್ಮದು ಅಂತ ನಮಗೆ ಹ್ಯಾಗೆ ಗೊತ್ತಾಗ್ಬೇಕು?”

ಅದೂ ನಿಜವೇ. ದೋಣಿಯವರು ಆ ಗೋಡೆಯನ್ನು ಕಡಲಿನಿಂದ ನೋಡಿದವರೇ ಹೊರತು ಹತ್ತಿರ ಹೋದವರಲ್ಲ. ಒಳಗೆ ಹೊಕ್ಕ ಮೇಲೆ ನದಿ ಬಳಸುತ್ತದೆ, ಗೋಡೆ ಪೊದೆಯ ಹಿಂದೆ ಮರೆಯಾಗುತ್ತದೆ. ಅದು ಯಾರದ್ದು, ಯಾರು ಸುಣ್ಣ ಬಳಿಯುತ್ತಾರೆ ಎಂದು ಅವರೂ ಎಂದೂ ವಿಚಾರಿಸಿರಲಿಲ್ಲ.

“ಗೋಡೆ ಎಲ್ಲಿತ್ತು ಅಂತ ನೀವೇ ತೋರಿಸಿ, ಸಾಕು,” ಎಂದ ದೋಣಿಯವನು.

ವರ್ತಕ ಎದ್ದು ನಿಂತು ದಡವನ್ನು ನೋಡಿದ. ಉಗ್ರಾಣದ ಒಂದೊಂದು ಕಂಬವೂ ಅವನಿಗೆ ಗೊತ್ತು. ಕಣ್ಣು ಕಟ್ಟಿ ಬಿಟ್ಟರೂ ಅಲ್ಲಿ ಅವನು ಎಡವುತ್ತಿರಲಿಲ್ಲ. ಆದರೆ ಎದುರಿಗೆ ಕಂಡದ್ದು ಬರೀ ಪೊದೆ, ಬರೀ ಹೆಂಚು, ಒಂದರಂತೆ ಇನ್ನೊಂದು. ಅವನು ನೋಡಿದ್ದು, ಕೇಳಿದ್ದು, ಗುರುತು ಹಾಕಿದ್ದು ಎಲ್ಲ ಒಳಗೆ ನಿಂತು. ಹೊರಗಿನಿಂದ ಅವನಿಗೆ ತನ್ನ ಆಸ್ತಿಯೇ ಗುರುತು ಸಿಗಲಿಲ್ಲ.

ಅಷ್ಟರಲ್ಲಿ ದಡದ ಕೆಲಸದವರು ಧಣಿಗಳ ದೋಣಿಯನ್ನು ಕಂಡರು. ದೋಣಿಯಲ್ಲಿದ್ದವರು ಗಂಟಲು ಹರಿಯುವಂತೆ ಕೂಗಿದರು. ಗಾಳಿಗೆ ಅಲ್ಲಿ ಒಂದಕ್ಷರವೂ ಮುಟ್ಟಲಿಲ್ಲ. ಧಣಿ ಕೈಬೀಸುತ್ತಿದ್ದಾರೆ ಎಂದು ಅವರೂ ಕುಣಿದಾಡಿ ಕೈಬೀಸಿದರು.

ಹೊರಗೆ ನಿಲ್ಲುವಂತಿಲ್ಲ, ಗಾಳಿ ಬಿಡುವುದಿಲ್ಲ. ದೋಣಿಯವನು ದೇವರ ಹೆಸರು ಹೇಳಿ ಅಂದಾಜಿನ ಮೇಲೆ ನುಗ್ಗಿಸಿದ. ಮಗಳು ಒಂದು ಕೈಯಲ್ಲಿ ಹೊಟ್ಟೆಯನ್ನೂ ಇನ್ನೊಂದರಲ್ಲಿ ಅಪ್ಪನನ್ನೂ ಹಿಡಿದುಕೊಂಡಳು. ದೋಣಿಯ ಅಡಿ ಮರಳಿಗೆ ತಾಗಿ ಕರಕರ ಎಂದಿತು. ದೋಣಿ ಅಡ್ಡಕ್ಕೆ ತಿರುಗಿತು. ಚುಕ್ಕಾಣಿ ಮುರಿಯಿತು. ಒಂದು ಅಲೆ ಮೇಲಿನಿಂದಲೇ ಬಿತ್ತು. ಹಿಂದೆ ಬಂದ ಇನ್ನೊಂದು ಅಲೆ ದೋಣಿಯನ್ನು ಹಾಗೇ ಎತ್ತಿ, ದಿಬ್ಬ ದಾಟಿಸಿ, ನದಿಯೊಳಗೆ ಎಸೆಯಿತು.

ಗುರುಗಳು ಇಲ್ಲಿ ನಿಲ್ಲಿಸಿದರು.

“ಮಗಳು?” ಎಂದ ಪಂಚಾಕ್ಷರಿ. ಅವನು ಕೂತಲ್ಲಿಂದ ಮುಂದಕ್ಕೆ ಜರುಗಿದ್ದ.

“ಬದುಕಿದಳು. ಎಲ್ಲರೂ ಬದುಕಿದರು. ಅಲೆಗೆ ಮನಸ್ಸು ಬಂತು, ಅಷ್ಟೇ. ಅದರಲ್ಲಿ ವರ್ತಕನ ಜಾಣತನ ಏನೂ ಇರಲಿಲ್ಲ,” ಎಂದು ಗುರುಗಳು ಮುಂದುವರಿಸಿದರು.

ದಡಕ್ಕೆ ಇಳಿದ ವರ್ತಕ ಮಗಳನ್ನು ಹೆಂಗಸರ ಕೈಗೆ ಒಪ್ಪಿಸಿದ. ಆಗ ದೋಣಿಯವನು ಕಡಲ ಕಡೆಗೆ ಕೈ ತೋರಿಸಿದ. ಮೀನಿಗೆ ಹೋದ ದೋಣಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಅವರಿಗೂ ಗೋಡೆ ಇಲ್ಲ. ವರ್ತಕ ಯಾರಿಗೂ ಅಪ್ಪಣೆ ಕೊಡುತ್ತ ನಿಲ್ಲಲಿಲ್ಲ. ಒದ್ದೆಯಾದ ಬಿಳಿ ಹಾಯಿಯನ್ನು ದೋಣಿಯಿಂದ ಎಳೆದು ಹೆಗಲ ಮೇಲೆ ಹಾಕಿಕೊಂಡು ಓಡಿದ. ಕೇದಗೆಯ ಮುಳ್ಳು ಗೀರಿ ಮೈಯೆಲ್ಲ ರಕ್ತವಾಯಿತು. ಗೋಡೆ ಬಿದ್ದ ಜಾಗದಲ್ಲಿ ಅಡಿಪಾಯ ಇನ್ನೂ ಇತ್ತು. ಅದರ ಮೇಲೆ ನಿಂತು ಕೆಲಸದವರನ್ನು ಕೂಗಿದ. ಎಲ್ಲರೂ ಸೇರಿ ಎರಡು ಬಿದಿರಿಗೆ ಹಾಯಿ ಕಟ್ಟಿ ಎತ್ತಿ ಹಿಡಿದರು. ಗಾಳಿ ಕಿತ್ತುಕೊಳ್ಳಲು ನೋಡಿತು, ಇವರು ಬಿಡಲಿಲ್ಲ. ಇಳಿಬಿಸಿಲು ನೇರವಾಗಿ ಅದರ ಮೇಲೆ ಬಿತ್ತು.

ಅತ್ತಿತ್ತ ತೂಗುತ್ತಿದ್ದ ಮೊದಲನೆಯ ದೋಣಿ ಮೂತಿ ತಿರುಗಿಸಿತು. ತಾಳೆಮರವನ್ನು ಹಾಯಿಯ ನೆತ್ತಿಗೆ ತಂದುಕೊಂಡು ಬಾಣ ಬಿಟ್ಟಂತೆ ಒಳಗೆ ಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಪ್ರತಿ ದೋಣಿ ಒಳಹೊಕ್ಕಾಗಲೂ ವರ್ತಕ ಮಕ್ಕಳ ಹಾಗೆ ಕೇಕೆ ಹಾಕಿದ. ಕೊನೆಯ ದೋಣಿ ಬರುವವರೆಗೂ ಬಿದಿರನ್ನು ಇನ್ನೊಬ್ಬರ ಕೈಗೆ ಕೊಡಲಿಲ್ಲ.

ಆಮೇಲೆ ಸರಕೆಲ್ಲ ಗುಡ್ಡಕ್ಕೆ ಹೋಯಿತು. ಅವನ ವ್ಯಾಪಾರವೂ ಬೆಳೆಯಿತು. ಉಗ್ರಾಣವನ್ನು ಕೆಡವಿದ. ಗೋಡೆಯನ್ನು ಮಾತ್ರ ಮತ್ತೆ ಕಟ್ಟಿಸಿ, ಮಳೆ ನಿಂತ ಕೂಡಲೆ ಸುಣ್ಣ ಬಳಿಸಿದ.

ಕತೆ ಮುಗಿಯಿತು. ಪಂಚಾಕ್ಷರಿಯ ಕಣ್ಣು ಹೊಳೆಯುತ್ತಿತ್ತು. “ತಿಳಿಯಿತು ಬುದ್ಧಿ. ಅದು ಏನು ಎಂದು ನಮ್ಮವರನ್ನು ಕೇಳಿದರೆ ಸಾಲದು. ಅದರ ಕಡೆಗೆ ಯಾರು ಯಾರು ಎಲ್ಲಿಂದ ಬರುತ್ತಾರೆ ಎಂದು ನೋಡಬೇಕು. ಅದರ ದಾರಿಯನ್ನು ಹಿಡಿದು ಹೊರಗೆ ಹೋಗಬೇಕು. ನಾಳೆ ಬೆಳಗ್ಗೆಯೇ ಶುರು ಮಾಡುತ್ತೇನೆ.”

“ನಾಳೆಯವರೆಗೆ ಅದು ನಡೆಯುತ್ತಿರುತ್ತದಲ್ಲ?”

ಪಂಚಾಕ್ಷರಿ ತಲೆ ತಗ್ಗಿಸಿದ. “ಇಲ್ಲ ಬುದ್ಧಿ. ಯಾರಾದರೂ ಬೇಕೆಂದು ಬರುತ್ತಾರೋ ನೋಡೋಣ ಎಂದು ಮೊನ್ನೆಯೇ ಅದನ್ನು ಆಫ್ ಮಾಡಿದೆ. ಈವರೆಗೆ ಯಾರೂ ಬಂದಿಲ್ಲ.”

ಗುರುಗಳು ಅವನ ಮುಖ ನೋಡಿದರು.

“ಹಾಗಾದರೆ ಈಗ ಕಡಲಲ್ಲಿ ಯಾರಿದ್ದಾರೆ?”