ತಡವಾಗಿ ಎದ್ದ ಕಪ್ಪು ಮರಿ

ಕಡಲಿನಲ್ಲಿ ಇನ್ನೂ ಉಪ್ಪು ಸರಿಯಾಗಿ ಕರಗದಿದ್ದ ಕಾಲ. ಡಾಲ್ಫಿನ್‌ಗಳು ಆಗತಾನೇ ಹಿಂಡು ಕಟ್ಟಿಕೊಂಡು ಬಾಳಲು ಕಲಿತಿದ್ದವು. ಅವುಗಳದ್ದು ಒಂದೇ ಕಟ್ಟಳೆ: ಎಲ್ಲರೂ ಒಟ್ಟಿಗೆ ಮುಳುಗಬೇಕು, ಒಟ್ಟಿಗೆ ಎದ್ದು ಉಸಿರಾಡಬೇಕು. ಏಳದವರು ಸತ್ತರೆಂದೇ ಲೆಕ್ಕ. ಹಿಂಡು ತಿರುಗಿ ನೋಡದೆ ಮುಂದೆ ಹೋಗುತ್ತಿತ್ತು.

ಆ ಹಿಂಡಿನಲ್ಲಿ ಬೆಳ್ಳಕ್ಕ ಎಂಬ ಡಾಲ್ಫಿನ್ ಇದ್ದಳು. ಆಳ ಕಡಲಿನ ಕಪ್ಪು ತಿಮಿಂಗಿಲವೊಂದನ್ನು ಮೆಚ್ಚಿ ಮದುವೆಯಾದಳು. ಹುಟ್ಟಿದ ಮರಿ ಅತ್ತ ಡಾಲ್ಫಿನ್ನೂ ಅಲ್ಲ, ಇತ್ತ ತಿಮಿಂಗಿಲವೂ ಅಲ್ಲ. ಮೈ ಅಪ್ಪನ ಹಾಗೆ ಕಪ್ಪು. ಮೂತಿ ಅಮ್ಮನದೇ, ಆದರೆ ಮೊಂಡು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಹಿಂಡಿನವರು ನಕ್ಕರು. ಬೆಳ್ಳಕ್ಕ ನಗುವವರ ಕಡೆ ಬಾಲ ತಿರುಗಿಸಿದಳು. ಅವಳಿಗೆ ಆ ಹೆಗ್ಗಣವೇ ಬೇಕಿತ್ತು.

ಒಂದು ಬೆಳಿಗ್ಗೆ ಗಾಳಿ ಬಂದು, ಬಡಗಣ ಕಡೆ ಬಂಗುಡೆ ಮೀನು ರಾಶಿ ಬಿದ್ದಿದೆ, ಬೇಗ ಹೊರಡಿ ಎಂದಿತು. ಹಿಂಡು ಮುಳುಗಿತು, ಎದ್ದಿತು. ಮರಿ ಏಳಲಿಲ್ಲ.

ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದ ಹಿರಿಯಳು ಸ್ವಲ್ಪ ಹೊತ್ತು ನೀರು ನೋಡಿದಳು.

"ಅದು ಹೋಯ್ತು ಮಾರಾಯ್ತಿ. ಬಾ, ಹಿಂದೆ ಉಳಿದ್ರೆ ಶಾರ್ಕ್ ನಿನ್ನನ್ನೂ ಬಿಡೂದಿಲ್ಲ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಕಟ್ಟಳೆ ಅಂದರೆ ಕಟ್ಟಳೆ.

ಬೆಳ್ಳಕ್ಕನಿಗೆ ಭಯವಾಯಿತು. ಆದರೂ, "ನೀವು ಹೋಗಿ. ನಾನು ಇಲ್ಲೇ ಇರ್ತೇನೆ" ಎಂದಳು.

ಹಿಂಡು ಹೋಯಿತು. ಬೆಳ್ಳಕ್ಕ ಅಲ್ಲೇ ಸುತ್ತಿದಳು. ನನ್ನ ಮರಿ ಎಲ್ಲಿ ಎಂದು ಕಡಲನ್ನು ಕೇಳಿದಳು. ನನ್ನ ಹೊಟ್ಟೆಯಲ್ಲಿರುವುದು ಒಂದೇ ಎರಡೇ, ನಿನ್ನದು ಯಾವುದೆಂದು ನನಗೇನು ಗೊತ್ತು ಎಂದಿತು ಕಡಲು. ಅವಳು ಮತ್ತೆ ಸುತ್ತಿದಳು. ದೂರದಲ್ಲಿ ಶಾರ್ಕಿನ ರೆಕ್ಕೆ ಕಾಣಿಸಿತು. ಅವಳು ಮತ್ತೂ ಸುತ್ತಿದಳು.

ಆಗ ಪಕ್ಕದಲ್ಲೇ ನೀರು ಉಬ್ಬಿ, ಕಪ್ಪು ಮರಿ ಮೇಲೆ ಬಂತು. ಅದಕ್ಕೆ ಬಂದಿದ್ದು ಅಪ್ಪನ ಕಡೆಯ ಉಸಿರು. ಒಮ್ಮೆ ಎಳೆದುಕೊಂಡರೆ ಬಹಳ ಹೊತ್ತು ಸಾಕಾಗುತ್ತಿತ್ತು. ಎಲ್ಲರೂ ಎಲ್ಲಿ ಹೋದರು ಎಂದು ಮರಿ ಕೇಳಿತು. ಬೆಳ್ಳಕ್ಕ ಅದನ್ನು ಮೂತಿಯಿಂದ ತಳ್ಳಿಕೊಂಡು, ಶಾರ್ಕಿಗೆ ಸಿಗದ ಹಾಗೆ ಹಿಂಡಿನತ್ತ ಧಾವಿಸಿದಳು.

ಸತ್ತ ಮರಿ ಈಜಿಕೊಂಡು ಬಂದದ್ದನ್ನು ದೊಡ್ಡಮ್ಮ ನೋಡಿದಳು. ಅಂಥ ಬೆರಕೆ ಮರಿಗಳು ಹಿಂಡಿನಲ್ಲಿ ಮೊದಲೂ ಹುಟ್ಟಿದ್ದವು. ಏಳಲಿಲ್ಲವೆಂದು ಬಿಟ್ಟುಬಂದ ಒಂದೊಂದೂ ಅವಳಿಗೆ ನೆನಪಾಯಿತು. ಆ ದಿನ ಅವಳು ಬಂಗುಡೆ ಮುಟ್ಟಲಿಲ್ಲ.

ಅಷ್ಟನ್ನು ಬಿಟ್ಟುಬಂದದ್ದಕ್ಕೇ ಅಂಥ ಮರಿಗಳು ಇಂದಿಗೂ ಅಪರೂಪ; ಅದಕ್ಕೇ ದೋಣಿಯಿಂದ ನೋಡಿದರೆ, ಡಾಲ್ಫಿನ್ ಹಿಂಡು ಉಸಿರಾಡಿದ ಕೂಡಲೇ ಹೊರಟುಬಿಡದೆ, ಇನ್ನೂ ಏಳದವರು ಯಾರಾದರೂ ಇದ್ದಾರೆಯೇ ಎಂದು ಅಲ್ಲೇ ಒಂದು ಸುತ್ತು ಹಾಕುವುದು ಕಾಣುತ್ತದೆ.